ಕಡಾಣಿಗೆ ಹೊಣೆ ಯಾರು?

ಹೊರೆ ಹೊರದ, ಬಾಡಿಗೆ ತಾರದ, ಗದ್ದೆಗೂ ಸಂತೆಗೂ ಹೋಗದ ಬಂಡಿಯೊಂದನ್ನು ಮನುಷ್ಯ ಬರಿಯ ಸಂತೋಷಕ್ಕೆಂದೇ ಹಣ ತೆತ್ತು ಕೊಂಡಾಗ ಅದನ್ನು ವಿಹಾರ ವಾಹನ ಎನ್ನಬಹುದು. ದಿಂಡಿಗಲ್ಲಿನಿಂದ ತೇನಿ, ಕಂಬಂ, ಗೂಡಲೂರುಗಳನ್ನು ಹಾದು ಕುಮಿಳಿಯ ಘಾಟಿ ಹತ್ತುವ 183ನೇ ರಾಷ್ಟ್ರೀಯ ಹೆದ್ದಾರಿಯ ಸೀಮೆಯಲ್ಲಿ ಇಂಥ ವಾಹನಗಳ ಎರಡು ಬಗೆಗಳಿಗೆ ಎಡೆಯುಂಟು: ಒಂದು, ಜೋಡಿ ಎತ್ತುಗಳನ್ನು ಹೂಡಿ ಪಂದ್ಯದಲ್ಲಿ ಓಡಿಸುವ ಹಗುರವಾದ ರೇಕ್ಳಾ ಬಂಡಿ, ಇನ್ನೊಂದು, ಮಂಚ, ಒಲೆ, ನೀರಿನ ತೊಟ್ಟಿ, ಶೌಚಾಲಯಗಳನ್ನೆಲ್ಲ ಒಡಲಲ್ಲಿಟ್ಟುಕೊಂಡು ಕೇರಳದ ಬೆಟ್ಟಗಳತ್ತ ಏರುವ ಮೋಟಾರು ಮನೆ, ಅಂದರೆ ಕ್ಯಾರವಾನ್. ಮರದ ಬಂಡಿಗೂ ಮೋಟಾರು ಮನೆಗೂ ಹೋಲಿಕೆಯೇ ಇಲ್ಲವೆಂದು ಮೇಲುನೋಟಕ್ಕೆ ತೋರಿದರೂ, ಕೊಂಡವನ ಮುಂದೆ ಎರಡೂ ಇಡುವ ಪ್ರಶ್ನೆ ಒಂದೇ ಆಗಿರುವುದರಿಂದ, ಅಂದರೆ ಕೈಗೆ ಬಂದ ಮೇಲೆ ಕೆಟ್ಟರೆ ಯಾರ ಬಾಗಿಲು ತಟ್ಟಬೇಕೆಂಬುದೇ ಆಗಿರುವುದರಿಂದ, ಎರಡನ್ನೂ ಒಂದೇ ಒರೆಗಲ್ಲಿಗೆ ಹಚ್ಚಿ ನೋಡುವುದು ಲಾಭದಾಯಕ.

ಇಲ್ಲಿ ಹೇಳುತ್ತಿರುವ ಗೂಡಲೂರು ನೀಲಗಿರಿಯ ಗೂಡಲೂರಲ್ಲ. ತೇನಿ ಜಿಲ್ಲೆಯ ಉತ್ತಮಪಾಳ್ಯಂ ತಾಲ್ಲೂಕಿನಲ್ಲಿ, ಪಶ್ಚಿಮಘಟ್ಟದ ಮಳೆನೆರಳಿನಲ್ಲಿದ್ದರೂ 1895ರಲ್ಲಿ ಮುಗಿದ ಪೆರಿಯಾರ್ ಅಣೆಕಟ್ಟಿನ ನೀರನ್ನುಂಡು ಭತ್ತ, ದ್ರಾಕ್ಷಿ, ಬಾಳೆ, ತೆಂಗು ಬೆಳೆಯುವ ಕಂಬಂ ಕಣಿವೆಯ ಕೊನೆಯ ಪೇಟೆ. ಈ ಕಣಿವೆಯಲ್ಲಿ ತಲೆಮಾರುಗಳಿಂದ ನೆಲೆಸಿ, ಹೊರಗೆ ತಮಿಳನ್ನೂ ಮನೆಯೊಳಗೆ ತಮಿಳು ಬೆರೆತ ಕನ್ನಡವನ್ನೂ ಆಡುವ ಕಾಪಿಲಿಯ ಒಕ್ಕಲಿಗರಿಗೆ ದನವೆಂದರೆ ಬರಿಯ ಆಸ್ತಿಯಲ್ಲ. ಕಂಬಂನ ನಂದಗೋಪಾಲ ಗುಡಿಯಲ್ಲಿ ಅವರು ಸಾಕಿಕೊಂಡು ಬಂದಿರುವ ದೇವರ ಹಿಂಡನ್ನು ತಮಿಳರು ತಂಬಿರಾನ್ ಮಾಡು ಎನ್ನುತ್ತಾರೆ. ಕಣಿವೆ ಮಧುರೆ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ ಡಬ್ಲ್ಯು. ಫ್ರಾನ್ಸಿಸ್ ಸಿದ್ಧಪಡಿಸಿದ 1906ರ ಗೆಜೆಟಿಯರ್ ಇದೇ ಹಿಂಡನ್ನು ‘ದೇವರು ಆವು’ ಎಂಬ ಕನ್ನಡ ಹೆಸರಿನಿಂದಲೇ ದಾಖಲಿಸಿ, ಹಿಂಡಿನ ಮುಂದಾಳು ಗೂಳಿಯನ್ನು ‘ಪಟ್ಟದ ಆವು’ ಎಂದು ಕರೆಯುತ್ತಿದ್ದುದನ್ನೂ ಹೇಳುತ್ತದೆ. ಗೂಳಿಗೆ ಪಟ್ಟ ಕಟ್ಟುವ ಸೀಮೆಯಲ್ಲಿ ಎತ್ತಿನ ಓಟ ಬರಿಯ ಆಟವಾಗಿ ಉಳಿಯುವುದಿಲ್ಲ, ಓಟದ ಬಂಡಿಯೂ ಬರಿಯ ಮರಮುಟ್ಟಾಗುವುದಿಲ್ಲ.

ಪಂದ್ಯದಲ್ಲಿ ಎತ್ತುಗಳನ್ನು ಮೈಕಟ್ಟು ನೋಡಿ ತರಗತಿಗಳಾಗಿ ವಿಂಗಡಿಸುತ್ತಾರೆ. ಅತಿ ಚಿಕ್ಕವು ತಟ್ಟಾನ್‌ಚಿಟ್ಟು, ಅವಕ್ಕಿಂತ ದೊಡ್ಡವು ಕ್ರಮವಾಗಿ ತೇನ್‌ಚಿಟ್ಟು, ಪೂಂಚಿಟ್ಟು, ಕರಿಚ್ಚಾನ್, ನಡುಮಾಡು, ಎಲ್ಲಕ್ಕಿಂತ ಹಿರಿಯವು ಪೆರಿಯಮಾಡು. ತೇನ್‌ಚಿಟ್ಟು ಎಂದರೆ ಕನ್ನಡದ ಸೂರಕ್ಕಿ, ಕರಿಚ್ಚಾನ್ ಎಂದರೆ ಕಾಜಾಣ. ಎತ್ತಿಗೆ ಹಕ್ಕಿಯ ಹೆಸರಿಟ್ಟವರು ಬಂಡಿಯಿಂದ ಏನನ್ನು ಬಯಸುತ್ತಾರೆಂಬುದು ಇದರಲ್ಲೇ ತಿಳಿಯುತ್ತದೆ. ತರಗತಿ ಏರಿದಂತೆ ದೂರವೂ ಏರುವುದರಿಂದ, ಸಾರಥಿಯನ್ನೂ ಅವನ ಜೊತೆಗಾರನನ್ನೂ ಹೊತ್ತು ಮೈಲಿಗಟ್ಟಲೆ ಟಾರು ರಸ್ತೆಯಲ್ಲಿ ದೌಡಾಯಿಸಬೇಕಾದ ಈ ಬಂಡಿ ಹಕ್ಕಿಯಂತೆ ಹಗುರವಾಗಿಯೂ ಇರಬೇಕು, ತಿರುವಿನಲ್ಲಿ ಮುರಿಯದಷ್ಟು ಗಟ್ಟಿಯಾಗಿಯೂ ಇರಬೇಕು. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟಿನೊಡನೆ ಬಂಡಿ ಓಟವನ್ನೂ ನಿಷೇಧಿಸಿತು. 2017ರಲ್ಲಿ ತಮಿಳುನಾಡು, ಕರ್ನಾಟಕಗಳು ತಂತಮ್ಮ ತಿದ್ದುಪಡಿ ಕಾಯ್ದೆಗಳಿಂದ ಈ ಆಟಗಳಿಗೆ ಮತ್ತೆ ದಾರಿ ಮಾಡಿಕೊಟ್ಟವು. 2023ರ ಮೇ 18ರಂದು ಸಂವಿಧಾನ ಪೀಠ ಆ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಎತ್ತಿಗೆ ಹಿಂಸೆಯಾಗುತ್ತದೆಯೇ ಎಂಬ ಆ ಚರ್ಚೆ ತೂಕವುಳ್ಳದ್ದು, ಅದರ ಒಂದು ಪಾಲು ಬಂಡಿಯ ಗುಣಕ್ಕೂ ಸಂಬಂಧಿಸಿದ್ದು. ಕೆಟ್ಟ ಬಂಡಿಯ ನೋವನ್ನು ಮೊದಲು ಉಣ್ಣುವುದು ಒಡೆಯನ ಜೇಬಲ್ಲ, ಎತ್ತಿನ ಹೆಗಲು.

ಬಂಡಿಯ ಗುಣವನ್ನು ಬಲ್ಲವರು ಗಾಲಿಯಿಂದ ನೋಡತೊಡಗುತ್ತಾರೆ. ಗಾಲಿಯ ನಡುವಿನ ದಪ್ಪ ಮರದ ಗುಂಬ, ಅದಕ್ಕೆ ನಾಟಿದ ಅರೆಕಾಲುಗಳು, ಅವುಗಳ ತುದಿಯನ್ನು ಹಿಡಿದಿಡುವ ಸುತ್ತುಮರದ ಬಾಗಿದ ತುಂಡುಗಳು, ಎಲ್ಲಕ್ಕೂ ಹೊರಗಿನಿಂದ ಬಿಗಿದ ಕಬ್ಬಿಣದ ಪಟ್ಟಿ — ಇಷ್ಟೇ ಅದರ ಅಂಗಗಳು. ಸಾಮಾನ್ಯವಾಗಿ ಅರೆಕಾಲುಗಳು ಹನ್ನೆರಡು, ಸುತ್ತುಮರದ ತುಂಡುಗಳು ಆರು; ಒಂದು ತುಂಡಿಗೆ ಎರಡು ಕಾಲು. ಗುಂಬಕ್ಕೆ ಸೀಳದ ಗಂಟುಮರವಾದ ಕರಿಜಾಲಿಯನ್ನು ಹುಡುಕುವುದುಂಟು. ಜೋಡಣೆಯಲ್ಲಿ ಕಚ್ಚು ಮತ್ತು ಬಿಲಗಳೇ ಮುಖ್ಯವಾಗಿ, ಅಂಟಾಗಲಿ ಮೊಳೆಯಾಗಲಿ ಹೆಸರಿಗೆ ಮಾತ್ರ ಇರುವುದರಿಂದ, ಗಾಲಿಯನ್ನು ಗಾಲಿಯಾಗಿ ಉಳಿಸುವುದು ಕೊನೆಗೆ ಆ ಕಬ್ಬಿಣದ ಪಟ್ಟಿಯೇ.

ಪಟ್ಟಿ ಹಾಕುವ ಕೆಲಸ ನೋಡತಕ್ಕದ್ದು. ಕಮ್ಮಾರ ಪಟ್ಟಿಯ ಸುತ್ತಳತೆಯನ್ನು ಗಾಲಿಯ ಸುತ್ತಳತೆಗಿಂತ ಬೇಕೆಂದೇ ಸ್ವಲ್ಪ ಕಡಿಮೆ ಇಟ್ಟು ಬೆಸೆಯುತ್ತಾನೆ. ನೆಲದ ಮೇಲೆ ಮಲಗಿಸಿದ ಆ ಬಳೆಯ ಸುತ್ತ ಬೆರಣಿ ಒಟ್ಟಿ ಬೆಂಕಿ ಹಾಕಿದಾಗ ಅದು ಕೆಂಪಗೆ ಕಾದು ಹಿಗ್ಗುತ್ತದೆ. ಐದಡಿ ಅಡ್ಡಳತೆಯ ಗಾಲಿಯ ಸುತ್ತಳತೆ ಸುಮಾರು 4.8 ಮೀಟರ್, ಅಷ್ಟುದ್ದದ ಕಬ್ಬಿಣ ಐನೂರು ಡಿಗ್ರಿ ಕಾದರೆ ಹೆಚ್ಚುಕಡಿಮೆ 3 ಸೆಂಟಿಮೀಟರ್ ಉದ್ದವಾಗುತ್ತದೆ. ಆ ಮೂರು ಸೆಂಟಿಮೀಟರಿನ ಬಿಡುವಿನಲ್ಲಿ ಇಕ್ಕಳ ಹಿಡಿದ ನಾಲ್ಕು ಕೈಗಳು ಪಟ್ಟಿಯನ್ನು ಎತ್ತಿ ಗಾಲಿಗೆ ತೊಡಿಸಿ, ಮರ ಹೊತ್ತಿಕೊಳ್ಳುವ ಮೊದಲೇ ನೀರು ಸುರಿಯಬೇಕು. ಚುರ್ ಎಂದು ಹಬೆಯೇಳುತ್ತಿರುವಾಗಲೇ ಪಟ್ಟಿ ಕುಗ್ಗಿ, ಸುತ್ತುಮರವನ್ನು ಅರೆಕಾಲಿನ ಮೇಲೂ ಅರೆಕಾಲನ್ನು ಗುಂಬದೊಳಕ್ಕೂ ಒತ್ತುತ್ತದೆ. ಪ್ರತಿಯೊಂದು ಕೀಲೂ ಕಟಕಟ ಎಂದು ತನ್ನ ಜಾಗಕ್ಕೆ ಕೂರುವ ಸದ್ದು ಕೇಳುತ್ತದೆ. ಈ ಸದ್ದೇ ಬಂಡಿಯ ಮೊದಲ ಗುಣಪರೀಕ್ಷೆ. ಕಬ್ಬಿಣ ಕುಗ್ಗಿಯೂ ಮರ ಸದ್ದು ಮಾಡದಿದ್ದರೆ ಅಳತೆ ತಪ್ಪಿದೆ, ಇಲ್ಲವೇ ಮರ ಇನ್ನೂ ಹಸಿಯಾಗಿದೆ.

ಹಸಿಮರದ ದೋಷ ಕೊಳ್ಳುವ ದಿನ ಕಾಣುವುದಿಲ್ಲವೆಂಬುದೇ ತೊಡಕು. ಮಳೆಗಾಲದಲ್ಲಿ ಕೊಯ್ದು ಸರಿಯಾಗಿ ಆರಿಸದ ಮರದಿಂದ ಮಾಡಿದ ಗಾಲಿ ಪೊಂಗಲಿನ ಹೊತ್ತಿಗೆ ಗಟ್ಟಿಯಾಗಿಯೇ ಇದ್ದು, ಕಣಿವೆಯ ಬೇಸಗೆ ಕಾಲಿಟ್ಟೊಡನೆ ಒಣಗಿ ಕುಗ್ಗುತ್ತದೆ. ಕಬ್ಬಿಣ ಮರದಂತೆ ಒಣಗಿ ಕುಗ್ಗುವ ವಸ್ತುವಲ್ಲವಾಗಿ ಪಟ್ಟಿ ಸಡಿಲವಾಗುತ್ತದೆ. ಒಡೆಯ ಗಾಲಿಯನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿ ಮರವನ್ನು ಉಬ್ಬಿಸಿ ಒಂದು ದಿನದ ಓಟ ಮುಗಿಸಿಕೊಳ್ಳಬಹುದು, ಆದರೆ ಅದು ಮದ್ದಲ್ಲ, ಮರೆ. ನಿಜವಾದ ದುರಸ್ತಿಯೆಂದರೆ ಪಟ್ಟಿಯನ್ನು ಕಳಚಿ, ಒಂದು ತುಂಡು ಕತ್ತರಿಸಿ, ಮತ್ತೆ ಬೆಸೆದು, ಮತ್ತೆ ಕಾಯಿಸಿ ತೊಡಿಸುವುದು. ಮೂರು ವರ್ಷ ಪಂದ್ಯವಿಲ್ಲದೆ ಕೊಟ್ಟಿಗೆಯ ಮೂಲೆಯಲ್ಲಿ ನಿಂತ ಬಂಡಿಗಳಿಗೆ 2017ರ ಬಳಿಕ ಈ ಕೆಲಸ ಅನಿವಾರ್ಯವಾದದ್ದು ಸಹಜ. ಇಲ್ಲಿಯೇ ವಿಹಾರ ವಾಹನಕ್ಕೆ ವಿಶಿಷ್ಟವಾದ ಒಂದು ಲಕ್ಷಣ ಹೊರಬೀಳುತ್ತದೆ: ದಿನವೂ ದುಡಿಯುವ ಗಾಡಿ ತನ್ನ ದೋಷವನ್ನು ಒಂದು ತಿಂಗಳಲ್ಲಿ ಒಪ್ಪಿಕೊಂಡರೆ, ವರ್ಷಕ್ಕೆ ಹತ್ತೋ ಇಪ್ಪತ್ತೋ ದಿನ ಹೊರಬೀಳುವ ಗಾಡಿ ಅದನ್ನು ವರ್ಷಗಟ್ಟಲೆ ಬಚ್ಚಿಟ್ಟುಕೊಳ್ಳುತ್ತದೆ.

ಎರಡನೆಯ ಪರೀಕ್ಷೆ ತೂಕದ್ದು. ನೊಗ ಕಟ್ಟುವ ಉದ್ದನೆಯ ಮರಕ್ಕೆ ಮೂಕಿ ಎಂದು ಹೆಸರು. ಕೂತವರ ಭಾರ ಅಚ್ಚಿನಿಂದ ಮುಂದಕ್ಕೆ ಹೆಚ್ಚು ಸರಿದರೆ ಮೂಕಿ ಎತ್ತಿನ ಹೆಗಲನ್ನು ಒತ್ತುತ್ತದೆ, ಇದು ಮೂಕಿಭಾರ. ಹಿಂದಕ್ಕೆ ಸರಿದರೆ ನೊಗ ಮೇಲೆದ್ದು ಕೊರಳ ಹಗ್ಗ ಬಿಗಿಯುತ್ತದೆ, ಇದು ಹಿಂಭಾರ. ಒಳ್ಳೆಯ ಬಂಡಿಯಲ್ಲಿ ಭಾರ ಅಚ್ಚಿನಿಂದ ಕೂದಲೆಳೆಯಷ್ಟೇ ಮುಂದಿದ್ದು, ನೊಗ ಹೆಗಲ ಮೇಲೆ ಕೂತಿದೆಯೆನ್ನುವುದು ಗೊತ್ತಾಗುವಷ್ಟು ಮಾತ್ರ ತಗ್ಗುತ್ತದೆ. ಕೊನೆಯ ಪರೀಕ್ಷೆ ಕಡಾಣಿಯದು. ಅಚ್ಚಿನ ತುದಿಯಿಂದ ಗಾಲಿ ಕಳಚಿ ಹೋಗದಂತೆ ತಡೆಯುವ ಈ ಚಿಕ್ಕ ಕಬ್ಬಿಣದ ಮೊಳೆಯನ್ನು ಕನ್ನಡದಲ್ಲಿ ಕಡೆಗೀಲು ಎಂದೂ, ಕಣಿವೆಯ ತಮಿಳಿನಲ್ಲಿ ಕಡೈಯಾಣಿ ಎಂದೂ ಕರೆಯುತ್ತಾರೆ. ಬಂಡಿಯ ಬೆಲೆಯಲ್ಲಿ ಅದರ ಪಾಲು ಲೆಕ್ಕಕ್ಕೇ ಬಾರದು. ಓಟದ ನಡುವೆ ಅದು ಜಾರಿದರೆ ಉಳಿದದ್ದಾವುದೂ ಲೆಕ್ಕಕ್ಕೆ ಬಾರದು. ಗಾಲಿಯನ್ನು ಎತ್ತಿ ತಿರುಗಿಸಿ, ಕೀಲೆಣ್ಣೆ ಸವರಿದ ಅಚ್ಚಿನ ಮೇಲೆ ಅದು ಓಲಾಡದೆ ಎಷ್ಟು ಹೊತ್ತು ಸುತ್ತುತ್ತದೆಂದು ನೋಡಿ, ಕಡಾಣಿಯನ್ನು ಬೆರಳಿನಿಂದ ಅಲುಗಿಸಿ ನೋಡಿದವನು ಬಂಡಿಯನ್ನು ಮುಕ್ಕಾಲು ಪಾಲು ಓದಿದಂತೆ.

ಮಾರಾಟದ ನಂತರದ ಸೇವೆ ಎಂಬ ಮಾತು ಹೊಸದು, ವ್ಯವಸ್ಥೆ ಹಳೆಯದು. ವಿಜಯನಗರದ ಕಾಲದಿಂದಲೂ ಕನ್ನಡ ನಾಡಿನ ಹಳ್ಳಿಗಳಲ್ಲಿ ಬಡಗಿ, ಕಮ್ಮಾರ, ಅಗಸ ಮೊದಲಾದ ಆಯಗಾರರು ವರ್ಷವಿಡೀ ರೈತನ ಕೆಲಸ ಮಾಡಿಕೊಟ್ಟು, ಸುಗ್ಗಿಯಲ್ಲಿ ಕಣದ ಬಳಿ ಧಾನ್ಯದ ರೂಪದಲ್ಲಿ ಆಯ ಪಡೆಯುತ್ತಿದ್ದರು. ಹೊಸ ಸಾಮಾನಿಗೆ ಬೇರೆ ಕೂಲಿಯಿದ್ದರೂ, ನೇಗಿಲು ಬಂಡಿಗಳ ಚಿಲ್ಲರೆ ದುರಸ್ತಿ ಆ ಆಯದಲ್ಲೇ ಅಡಗಿರುತ್ತಿತ್ತು. ಇಂದು ಯಂತ್ರಗಳ ಮಾರಾಟಗಾರರು ವಾರ್ಷಿಕ ನಿರ್ವಹಣಾ ಒಪ್ಪಂದವೆಂದು ಹೇಳುವುದು ಇದನ್ನೇ. ಆ ಪದ್ಧತಿಯನ್ನು ಹಾಡಿ ಹೊಗಳಬೇಕಾಗಿಲ್ಲ. ಜಾತಿಗೂ ಊರಿಗೂ ಕಟ್ಟಿಹಾಕಿದ ಕಸುಬುದಾರನಿಗೆ ಒಲ್ಲೆನೆನ್ನುವ ಸ್ವಾತಂತ್ರ್ಯವಿರಲಿಲ್ಲ, ಬೆಳೆ ಕೈಕೊಟ್ಟ ವರ್ಷ ಅವನ ಆಯವೂ ಕೈಕೊಡುತ್ತಿತ್ತು. ಆದರೆ ಅದರಲ್ಲಿದ್ದ ಒಂದು ಗುಣವನ್ನು ಮರೆಯುವಂತಿಲ್ಲ: ಗಾಲಿ ಕಟ್ಟಿದವನ ಹೆಸರು, ಮನೆ, ಕುಲುಮೆ ಎಲ್ಲವೂ ಕೊಂಡವನಿಗೆ ಗೊತ್ತಿದ್ದು, ಕೆಟ್ಟ ಗಾಲಿ ಕಟ್ಟಿದವನ ಕಣ್ಣೆದುರಿಗೇ ಊರಿನಲ್ಲಿ ಕುಂಟುತ್ತ ಓಡಾಡುತ್ತಿತ್ತು. ಇಂದಿಗೂ ಪಂದ್ಯದ ಬಂಡಿಯ ಒಡೆಯನಿಗೆ ಈ ಅನುಕೂಲವಿದೆ. ಮರಕ್ಕೆ ಆಚಾರಿ, ಕಬ್ಬಿಣಕ್ಕೆ ಕಮ್ಮಾರ, ಹೀಗೆ ಕೇಳಬೇಕಾದವರು ಇಬ್ಬರೇ, ಇಬ್ಬರೂ ಬೆಳಗಾದರೆ ಸಿಗುವವರು.

ಮೋಟಾರು ಮನೆಯ ಒಡೆಯನ ಸ್ಥಿತಿ ಹೀಗಿಲ್ಲ. ಕೇರಳ ಸರ್ಕಾರ 2021ರಲ್ಲಿ ಕ್ಯಾರವಾನ್ ಪ್ರವಾಸ ನೀತಿಯನ್ನು ಪ್ರಕಟಿಸಿ, ಮರುವರ್ಷ ಇಡುಕ್ಕಿ ಜಿಲ್ಲೆಯ ವಾಗಮಣ್‌ನಲ್ಲಿ ಆ ರಾಜ್ಯದ ಮೊದಲ ಕ್ಯಾರವಾನ್ ಉದ್ಯಾನ ತೆರೆದ ಮೇಲೆ, ಗೂಡಲೂರಿನ ಮೇಲಿನ ಬೆಟ್ಟಸಾಲು ಈ ಹವ್ಯಾಸದ ನಕಾಶೆಯಲ್ಲಿ ಸೇರಿಕೊಂಡಿತು. ಭಾರತದಲ್ಲಿ ಇಂಥ ವಾಹನ ಬಹುಪಾಲು ಎರಡು ಹಂತಗಳಲ್ಲಿ ಹುಟ್ಟುತ್ತದೆ: ಒಂದು ಕಂಪನಿ ಎಂಜಿನ್, ಚೌಕಟ್ಟು, ಗಾಲಿಗಳಿರುವ ಚಾಸಿಯನ್ನೋ ಖಾಲಿ ವ್ಯಾನನ್ನೋ ಕೊಡುತ್ತದೆ, ಬಸ್ಸಿನ ಬಾಡಿ ಕಟ್ಟುವುದರಲ್ಲಿ ಕರೂರು ಹೆಸರಾಗಿರುವಂತೆ ಈ ಕಸುಬಿನಲ್ಲಿ ಪಳಗಿದ ಬೇರೊಂದು ಕಾರ್ಖಾನೆ ಅದರ ಮೇಲೆ ಮನೆ ಕಟ್ಟುತ್ತದೆ. ಫ್ರಿಜ್, ಏಸಿ, ಬ್ಯಾಟರಿ, ಇನ್ವರ್ಟರ್, ನೀರಿನ ಪಂಪು, ಗ್ಯಾಸಿನ ಒಲೆ ಇವು ಪ್ರತಿಯೊಂದೂ ಮತ್ತೊಂದು ಕಂಪನಿಯ ಸರಕು. ಒಂದೇ ಕೀಲಿಯಿಂದ ತೆರೆಯುವ ಈ ಮನೆಯಲ್ಲಿ ಹೀಗೆ ಏಳೆಂಟು ವಾರಂಟಿ ಚೀಟಿಗಳು ಒಟ್ಟಿಗೆ ವಾಸಿಸುತ್ತವೆ.

ಅದರ ದೋಷಗಳೂ ಬಂಡಿಯ ದೋಷಗಳ ದಾಯಾದಿಗಳೇ. ಗಾಲಿಯ ಪಟ್ಟಿಯನ್ನು ಬಿಗಿಯುವ ಬಿಸಿಯೇ ಇಲ್ಲಿ ಚಾವಣಿಯನ್ನು ಸಡಿಲಿಸುತ್ತದೆ: ಆರು ಮೀಟರ್ ಉದ್ದದ ಅಲ್ಯುಮಿನಿಯಂ ತಗಡು ಮೂವತ್ತು ಡಿಗ್ರಿಯ ಏರಿಳಿತಕ್ಕೆ ಸುಮಾರು 4 ಮಿಲಿಮೀಟರ್ ಹಿಗ್ಗಿ ಕುಗ್ಗುತ್ತದೆ. ಕಂಬಂ ಕಣಿವೆಯ ಮಧ್ಯಾಹ್ನದ ಬಿಸಿಲಿನಲ್ಲಿ ಕಾದ ಆ ಚಾವಣಿ, ಕೆಲವೇ ಕಿಲೋಮೀಟರುಗಳ ತಿರುವುಗಳಲ್ಲಿ ನಾನೂರು ಮೀಟರಿಗೂ ಮಿಕ್ಕಿ ಏರಿ ಕುಮಿಳಿಯ ಮಂಜಿನೊಳಗೆ ನುಗ್ಗಿದಾಗ, ಅಂಚಿಗೆ ಹಚ್ಚಿದ ಸೀಲಂಟ್ — ಅಂದರೆ ಸಂದು ಮುಚ್ಚುವ ರಬ್ಬರಿನಂಥ ಮೇಣ — ಆ ಎಳೆತವನ್ನು ತಾಳಿಕೊಳ್ಳಬೇಕು. ಅಗ್ಗದ ಮೇಣ ತಾಳುವುದಿಲ್ಲ. ಉಗುರಿನಷ್ಟು ತೆರೆದ ಸಂದಿನಿಂದ ಇಳಿದ ನೀರು ಒಡನೆಯೇ ತೊಟ್ಟಿಕ್ಕದೆ, ಗೋಡೆಯ ಪ್ಲೈವುಡ್ಡಿನ ಪದರಗಳ ನಡುವೆ ಹರಿದು, ಮಂಚದ ಹಿಂದಿನ ಮೂಲೆಯಲ್ಲಿ ಮೊದಲು ಮುಗ್ಗಲು ವಾಸನೆಯಾಗಿ, ಆಮೇಲೆ ಬೆರಳೊತ್ತಿದರೆ ತಗ್ಗುವ ಮೆತ್ತನೆಯ ಕಲೆಯಾಗಿ ಕಾಣಿಸಿಕೊಳ್ಳುತ್ತದೆ. ಅಷ್ಟರಲ್ಲಿ ಒಂದು ಮಳೆಗಾಲ ಕಳೆದು, ಒಂದು ವರ್ಷದ ವಾರಂಟಿಯೂ ಕಳೆದಿರುತ್ತದೆ. ವರ್ಷದಲ್ಲಿ ಇಪ್ಪತ್ತು ದಿನ ಓಡುವ ವಾಹನಕ್ಕೆ ಹನ್ನೆರಡು ತಿಂಗಳ ವಾರಂಟಿ ಎಂದರೆ, ಬಳಕೆಯ ಲೆಕ್ಕದಲ್ಲಿ ಇಪ್ಪತ್ತೇ ದಿನಗಳ ವಾರಂಟಿ.

ಹಿಂಭಾರವೂ ಇಲ್ಲಿ ಹಾಗೆಯೇ ಹಾಜರು. ನೂರು ಲೀಟರ್ ನೀರೆಂದರೆ ನೂರು ಕಿಲೋ; ಆ ತೊಟ್ಟಿಯನ್ನು ಹಿಂದಿನ ಅಚ್ಚಿನಾಚೆ ಕೂರಿಸಿದರೆ ಘಾಟಿ ಏರುವಾಗ ಮುಂದಿನ ಗಾಲಿಗಳು ಹಗುರಾಗಿ ಸ್ಟೀರಿಂಗ್ ತೇಲತೊಡಗುತ್ತದೆ. ಕಾರಿನ ಹಿಂದೆ ಎಳೆದೊಯ್ಯುವ ಕ್ಯಾರವಾನ್ ರೂಢಿಯಾಗಿರುವ ಬ್ರಿಟನ್ನಿನಲ್ಲಿ, ಅದರ ತೂಕದ ನೂರಕ್ಕೆ ಐದರಿಂದ ಏಳು ಪಾಲು ಕಾರಿನ ಕೊಕ್ಕೆಯ ಮೇಲೆ ಕೂತಿರಬೇಕೆಂಬ ಸಲಹೆಯುಂಟು. ನೊಗ ಹೆಗಲ ಮೇಲೆ ಹಗುರವಾಗಿ ಕೂರಬೇಕೆಂಬ ಮಾತನ್ನೇ ಅಲ್ಲಿ ತಕ್ಕಡಿಗೆ ಹಾಕಿ ಹೇಳಿದ್ದಾರೆ.

ವ್ಯತ್ಯಾಸವಿರುವುದು ದೋಷದಲ್ಲಿ ಅಲ್ಲ, ಹೊಣೆಯಲ್ಲಿ. ನೀರು ಸೋರಿ ಬ್ಯಾಟರಿ ಕೆಟ್ಟಿತೆಂದಿಟ್ಟುಕೊಂಡರೆ, ಬ್ಯಾಟರಿಯವನು ಅದನ್ನು ನೀರಿನ ಹಾನಿಯೆಂದು ತಳ್ಳಿಹಾಕಬಹುದು, ಬಾಡಿ ಕಟ್ಟಿದವನು ಘಾಟಿಯ ಕುಲುಕಾಟವನ್ನು ದೂರಬಹುದು, ಚಾಸಿಯ ಕಂಪನಿ ತನ್ನ ವಾಹನದ ಮೂಲ ವಿನ್ಯಾಸವೇ ಬದಲಾಗಿದೆಯೆಂದು ಕೈತೊಳೆದುಕೊಳ್ಳಬಹುದು. ಮೂವರ ಮಾತಿನಲ್ಲೂ ಒಂದಿಷ್ಟು ನಿಜವಿರುವುದರಿಂದಲೇ ಒಡೆಯನಿಗೆ ಉತ್ತರ ಸಿಗುವುದಿಲ್ಲ. ಲಾರಿ ಒಂದು ದಿನ ನಿಂತರೆ ಸರಕು ಕೊಳೆಯುತ್ತದೆ, ಬಾಡಿಗೆ ಹೋಗುತ್ತದೆ, ಆದ್ದರಿಂದ ಹೆದ್ದಾರಿಯುದ್ದಕ್ಕೂ ಅದಕ್ಕೆ ಮೆಕ್ಯಾನಿಕ್ಕುಗಳು ಹುಟ್ಟಿಕೊಂಡಿದ್ದಾರೆ. ವಿಹಾರ ವಾಹನ ಮೂರು ತಿಂಗಳು ವರ್ಕ್‌ಶಾಪಿನಲ್ಲಿ ನಿಂತರೂ ಹಾಳಾಗುವುದು ಒಂದು ಕುಟುಂಬದ ರಜೆ ಮಾತ್ರ, ಅದಕ್ಕೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ. ಇದು ಭಾರತದ ಕೊರತೆ ಮಾತ್ರವಲ್ಲ. ವಿಹಾರ ವಾಹನಗಳ ರಾಜಧಾನಿಯೆಂದು ಹೆಸರಾದ ಅಮೆರಿಕದ ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಇರುವ ದೇಶದಲ್ಲಿ, ವಾರಂಟಿಯ ಭಾಷೆಯನ್ನು ಹದ್ದಿನಲ್ಲಿಡುವ ಮ್ಯಾಗ್ನುಸನ್–ಮಾಸ್ ಕಾಯ್ದೆ 1975ರಿಂದಲೂ ಇದ್ದರೂ, ದೋಷಯುಕ್ತ ವಾಹನವನ್ನು ಹಿಂದಿರುಗಿಸಲು ನೆರವಾಗುವ ಹಲವು ರಾಜ್ಯಗಳ ಕಾನೂನುಗಳು ಮೋಟಾರು ಮನೆಯ ಚಾಸಿಗೆ ಮಾತ್ರ ಅನ್ವಯಿಸಿ, ವಾಸದ ಭಾಗವನ್ನು ಹೊರಗಿಡುತ್ತವೆ. ಓಡುವುದು ಬೇರೆ, ಬಾಳುವುದು ಬೇರೆ ಎಂದು ಕಾನೂನೇ ವಾಹನವನ್ನು ಎರಡಾಗಿ ಸೀಳಿದಂತಾಯಿತು.

ಭಾರತದ ಕಾನೂನು ಒಡೆಯನಿಗೆ ಕೊಡುವುದು ಕಡಿಮೆಯೇನಲ್ಲ. ಮೋಟಾರು ಕ್ಯಾರವಾನ್‌ಗಳ ರಚನೆಗೆ ಎಐಎಸ್-124 ಎಂಬ ಮಾನದಂಡವಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನೋಂದಣಿಯಾದ ವಾಹನದ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿಯೇ ವ್ಯಾಖ್ಯಾನಿಸಿತು, ಆದ್ದರಿಂದ ಅನುಮೋದನೆಯಿಲ್ಲದೆ ಮೂಲೆಯ ಗ್ಯಾರೇಜಿನಲ್ಲಿ ವ್ಯಾನಿಗೆ ಮನೆ ಕಟ್ಟಿಸಿದವನು ದೂರು ಕೊಡುವ ಮೊದಲೇ ತಪ್ಪಿತಸ್ಥನಾಗಿ ನಿಲ್ಲಬೇಕಾದೀತು. 2020ರ ಜುಲೈ 20ರಿಂದ ಜಾರಿಯಲ್ಲಿರುವ ಗ್ರಾಹಕ ಸಂರಕ್ಷಣಾ ಕಾಯ್ದೆ, ವಸ್ತುವನ್ನು ತಯಾರಿಸಿದವನು, ಮಾರಿದವನು, ದುರಸ್ತಿ ಸೇವೆ ಕೊಟ್ಟವನು ಮೂವರನ್ನೂ ಹೊಣೆಗಾರಿಕೆಯ ಒಳಕ್ಕೆ ತರುತ್ತದೆ, ಗ್ರಾಹಕ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಹೂಡಲು ಬಿಡುತ್ತದೆ. ಕೊಟ್ಟ ಬೆಲೆ 50 ಲಕ್ಷ ರೂಪಾಯಿವರೆಗಿದ್ದರೆ ಜಿಲ್ಲಾ ಆಯೋಗ, 2 ಕೋಟಿವರೆಗೆ ರಾಜ್ಯ ಆಯೋಗ, ಅದಕ್ಕೂ ಮೇಲೆ ರಾಷ್ಟ್ರೀಯ ಆಯೋಗ. ದೂರಿಗೆ ಅವಧಿ ಎರಡು ವರ್ಷ. ಆದರೆ ನಿರೀಕ್ಷೆಗೂ ಮಿತಿ ಬೇಕು: 2006ರಲ್ಲಿ, ಕಾರಿನ ಕ್ಲಚ್ ದೋಷದ ಪ್ರಕರಣವೊಂದರಲ್ಲಿ, ಕೆಟ್ಟ ಭಾಗವನ್ನು ಬದಲಿಸಿಕೊಟ್ಟರೆ ಸಾಕಾಗುವಾಗ ಇಡೀ ವಾಹನವನ್ನೇ ಬದಲಿಸಬೇಕಾಗಿಲ್ಲವೆಂದು ಸುಪ್ರೀಂ ಕೋರ್ಟ್ ಹೇಳಿತು. ಏಳೆಂಟು ಕಂಪನಿಗಳ ಭಾಗಗಳಿಂದಾದ ಮನೆಗೆ ಈ ತರ್ಕ ಹಚ್ಚಿದರೆ, ಒಡೆಯ ಏಳೆಂಟು ಸಲ ಅಲೆಯಬೇಕಾಗುತ್ತದೆ.

ಆದ್ದರಿಂದ ಬಂಡಿಯ ಒಡೆಯನಿಗೆ ರೂಢಿ ಕೊಟ್ಟದ್ದನ್ನು ಮೋಟಾರು ಮನೆಯ ಒಡೆಯ ಬರಹದಲ್ಲಿ ಪಡೆದುಕೊಳ್ಳಬೇಕು. ಮುಂಗಡ ಕೊಡುವ ಮೊದಲೇ, ವಾಸದ ಭಾಗಕ್ಕೆ ಸೇರಿದ ಪ್ರತಿಯೊಂದು ಉಪಕರಣದ ದೂರನ್ನೂ ಮೊದಲು ತಾನೇ ಸ್ವೀಕರಿಸಿ, ಆಯಾ ಕಂಪನಿಯೊಡನೆ ತಾನೇ ವ್ಯವಹರಿಸುವುದಾಗಿ ಬಾಡಿ ಕಟ್ಟುವವನಿಂದ ಒಂದು ಪುಟ ಬರೆಸಿಕೊಳ್ಳುವುದು. ಸೋರಿಕೆಯ ವಾರಂಟಿಯನ್ನು ತಿಂಗಳುಗಳಲ್ಲಿ ಅಲ್ಲ, ಮಳೆಗಾಲಗಳಲ್ಲಿ ಎಣಿಸಿ ಕನಿಷ್ಠ ಎರಡು ಮಳೆಗಾಲ ಕೇಳುವುದು. ವೈರು, ಪೈಪುಗಳ ನಕ್ಷೆಯನ್ನು ಪಡೆದಿಟ್ಟುಕೊಳ್ಳುವುದು, ಏಕೆಂದರೆ ನಕ್ಷೆಯಿದ್ದರೆ ಚಿಲ್ಲರೆ ಕೆಲಸಕ್ಕೆ ಕಂಬಂನ ಎಲೆಕ್ಟ್ರಿಷಿಯನ್ನೇ ಸಾಕಾಗುತ್ತಾನೆ. ದೂರು ಕೊಟ್ಟ ತಾರೀಖು, ವಾಹನ ವರ್ಕ್‌ಶಾಪಿನಲ್ಲಿ ನಿಂತ ದಿನಗಳು, ಬದಲಿಸಿದ ಭಾಗಗಳು ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡುವುದು. ವಾಹನ ಕೈಗೆ ಬರುವ ದಿನ ಒಳಗಿನ ದೀಪಾಲಂಕಾರ ನೋಡಿ ಮರುಳಾಗುವ ಬದಲು, ಚಾವಣಿಯ ಮೇಲೆ ಅರ್ಧ ಗಂಟೆ ನೀರು ಬಿಟ್ಟು ಮೂಲೆಗಳಿಗೆ ಬೆರಳೊತ್ತಿ ನೋಡುವುದು, ತೊಟ್ಟಿ ತುಂಬಿಸಿ ಎರಡೂ ಅಚ್ಚುಗಳನ್ನು ತೂಕಸೇತುವೆಯ ಮೇಲೆ ಬೇರೆಬೇರೆಯಾಗಿ ತೂಗಿಸುವುದು ಲೇಸು.

ಇವೆಲ್ಲಕ್ಕಿಂತ ಖಚಿತವಾದ ಪರೀಕ್ಷೆಯೊಂದಿದೆ, ಅದಕ್ಕೆ ಗೂಡಲೂರಿಗಿಂತ ಒಳ್ಳೆಯ ಊರು ಸಿಗಲಾರದು. ಬಾಕಿ ಹಣ ಕೊಡುವ ಮುನ್ನ, ತೊಟ್ಟಿಯ ತುಂಬ ನೀರು, ಕಪಾಟಿನ ತುಂಬ ಪಾತ್ರೆ ಇಟ್ಟು, ಮನೆ ಕಟ್ಟಿದ ಮೇಸ್ತ್ರಿಯನ್ನೇ ಹಿಂದಿನ ಮಂಚದ ಮೇಲೆ ಕೂರಿಸಿಕೊಂಡು, ಘಾಟಿಯ ಬುಡದ ಲೋವರ್ ಕ್ಯಾಂಪಿನಿಂದ ಕುಮಿಳಿಯವರೆಗೆ ಒಮ್ಮೆ ಹತ್ತಿ ಇಳಿಯುವುದು. ಯಾವ ತಿರುವಿನಲ್ಲಿ ಯಾವ ಕಪಾಟು ಬಾಯಿ ಬಿಟ್ಟಿತು, ಯಾವ ಸಂದಿನಲ್ಲಿ ಯಾವ ತಿರುಪು ಕಿರುಗುಟ್ಟಿತು ಎಂಬುದನ್ನು ಒಡೆಯ ಅವನಿಗೆ ಬಿಡಿಸಿ ಹೇಳಬೇಕಾಗುವುದಿಲ್ಲ. ಕೆಳಗಿಳಿದು ಬಂದ ಮೇಲೆ ಸ್ಕ್ರೂಡ್ರೈವರನ್ನು ಅವನೇ ಕೇಳಿ ತೆಗೆದುಕೊಳ್ಳುತ್ತಾನೆ.